ಹಾಲು ಒಡೆಯದಂತೆ ವಿಸ್ಕಿ ಬೆರೆಸುವುದು

ಯಾದಗಿರಿಯಲ್ಲಿ ನಾನು ಕೊನೆಗೆ ಕೆಲಸ ಮಾಡಿದ ಹೋಟೆಲಿನ ಬಾರಿಗೆ ಈಗ ಇಬ್ಬರು ಹೊಸಬರು ಸೇರಿದ್ದಾರೆ. ಇಬ್ಬರೂ ಹೋಟೆಲ್ ಕೆಲಸದ ಕೋರ್ಸು ಮುಗಿಸಿ ಬಂದವರು, ಬಿಳಿ ಅಂಗಿ ಕರಿ ಟೈ ಹಾಕುವವರು. ಹೋದ ತಿಂಗಳು ಮನೆ ಹುಡುಕಿಕೊಂಡು ಬಂದು ಕೇಳಿದರು: "ಕಾಕಾ, ಪುಸ್ತಕದಾಗ ಬರದಂಗೇ ವಿಸ್ಕಿ, ಹಾಲು, ಕೆನಿ ಎಲ್ಲಾ ಕೂಡಸ್ತೀವ್ರಿ. ಆದ್ರೂ ಹಾಲು ಒಡೀತದ. ನಿಮ್ಮ ಕೈಯಾಗ ಒಡೀತಿದ್ದಿಲ್ಲಂತ, ಹ್ಯಾಂಗ್ರಿ?"

ನನ್ನ ಕೈಯಲ್ಲೂ ಒಡೆದಿದೆ. ಅದನ್ನು ಯಾರೂ ಅವರಿಗೆ ಹೇಳಿಲ್ಲ, ಅಷ್ಟೆ. ಅಂದು ಚಹಾ ಕುಡಿಸಿ ನಾಲ್ಕು ಮಾತು ಹೇಳಿ ಕಳಿಸಿದೆ. ಆಮೇಲೆ ಯೋಚಿಸಿದಾಗ, ಹೇಳಬೇಕಾದ ಮಾತೇ ಉಳಿಯಿತು ಅನಿಸಿತು. ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನ ಹೆಸರು ಮೌನೇಶ. ಕರೆಯುವವರಿಗೆಲ್ಲ ಮೋನಪ್ಪ. ಊರು ತಿಂಥಣಿ. ಕೂಸಾಗಿದ್ದಾಗ ನಾನು ಉಳಿಯುವುದೇ ಕಷ್ಟವಾಗಿತ್ತಂತೆ. ಉಳಿದರೆ ಇವನ ಬಾಯಿಗೆ ಸೆರೆ, ಹೆಂಡ ಸೋಕಿಸುವುದಿಲ್ಲ ಎಂದು ಅವ್ವ ಮೌನೇಶ್ವರನಿಗೆ ಹರಕೆ ಹೊತ್ತಳು. ನಾನು ಉಳಿದೆ, ಹರಕೆಯೂ ಉಳಿಯಿತು. ಮೂವತ್ತು ವರ್ಷಕ್ಕೂ ಮಿಕ್ಕಿ ಬೇರೆಯವರಿಗೆ ಬೆರೆಸಿ ಕೊಟ್ಟವನು ಒಂದು ಹನಿ ರುಚಿ ನೋಡಿಲ್ಲ. ಕಣ್ಣು, ಮೂಗು, ಒಂದು ಚಮಚ, ಇಷ್ಟರಲ್ಲೇ ಕೆಲಸ ಮಾಡಿದೆ.

ಕೆಲಸಕ್ಕೆ ಸೇರಿದ್ದು ಕಾಲುವೆ ಕ್ಯಾಂಪಿನಲ್ಲಿ. ಶಹಾಪುರಕ್ಕೂ ಸುರಪುರಕ್ಕೂ ನಡುವೆ ಆಗ ಎಲ್ಲಿ ನೋಡಿದರೂ ಅಗೆದ ಮಣ್ಣಿನ ದಿಬ್ಬ, ಟಿಪ್ಪರುಗಳ ಧೂಳು. ನಮ್ಮ ಕ್ಯಾಂಪು ವನದುರ್ಗದಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಸಾಲಾಗಿ ಕ್ವಾರ್ಟರ್ಸು, ಒಂದು ದವಾಖಾನೆ, ತುದಿಗೆ ಗೆಸ್ಟ್‌ಹೌಸು. ಗೆಸ್ಟ್‌ಹೌಸಿನ ಅಡುಗೆಮನೆಯ ದೊರೆ ಖಲೀಲ್ ಚಾಚಾ. ಹೈದರಾಬಾದಿನ ದೊಡ್ಡ ಮನೆಗಳಲ್ಲಿ ಖಾನಸಾಮಾ ಆಗಿದ್ದವರು. ಅವರೂ ಕುಡಿಯುವವರಲ್ಲ. ಕುಡಿಯದ ಇಬ್ಬರ ಕೈಯಲ್ಲಿ ಇಡೀ ಕ್ಯಾಂಪಿನ ಸಾಹೇಬರ ಗ್ಲಾಸುಗಳಿದ್ದವು.

ಕ್ಯಾಂಪಿನ ಮುಖ್ಯಸ್ಥರನ್ನು ನಾವು ದೊಡ್ಡ ಸಾಹೇಬರು ಎನ್ನುತ್ತಿದ್ದೆವು. ಮೈಸೂರು ಕಡೆಯ ಎಂಜಿನಿಯರು. ಕೆಲಸದಲ್ಲಿ ಹುಲಿ, ಹೊಟ್ಟೆಯಲ್ಲಿ ಉರಿ. ಡಾಕ್ಟರು ವಿಸ್ಕಿ ಬಿಟ್ಟು ಹಾಲು ಕುಡಿಯಿರಿ ಎಂದಿದ್ದರು. ಸಾಹೇಬರು ಅರ್ಧ ಮಾತು ಕೇಳಿದರು. ಹಾಲು ಶುರು ಮಾಡಿದರು, ವಿಸ್ಕಿ ಬಿಡಲಿಲ್ಲ. ಎಲ್ಲೋ ದೊಡ್ಡ ಕ್ಲಬ್ಬಿನಲ್ಲಿ ಎರಡನ್ನೂ ಕೂಡಿಸಿ, ಮೇಲೆ ಜಾಜಿಕಾಯಿ ತೇಯ್ದು ಕೊಟ್ಟಿದ್ದರಂತೆ. "ತಣ್ಣಗೆ, ದಪ್ಪಗೆ, ರೇಷ್ಮೆ ಹಾಗಿರಬೇಕು ಮೋನಪ್ಪ," ಎಂದರು. ಚಾಚಾ ಮಾಡಿ ತೋರಿಸಿದರು, ನಾನು ಕಲಿತೆ. ಹತ್ತು ಹದಿನೈದು ಸಲ ಸರಿಯಾಗಿಯೇ ಬಂತು. ನನಗೆ ಕೋಡು ಮೂಡಿತು.

ಮೇಲಿನ ಅಧಿಕಾರಿಯೊಬ್ಬರು ಪ್ರವಾಸಕ್ಕೆ ಬಂದ ಸಂಜೆ ಸಾಹೇಬರು ಹೆಮ್ಮೆಯಿಂದ, "ನಮ್ಮ ಮೋನಪ್ಪನ ಕೈ ನೋಡಿ ಸಾರ್," ಎಂದರು. ಎರಡು ಗ್ಲಾಸು ತೆಗೆದುಕೊಂಡು ಹೋಗಿ ಜಗಲಿಯ ಮೇಜಿನ ಮೇಲಿಟ್ಟೆ. ಇಡುತ್ತಿದ್ದ ಹಾಗೆಯೇ ಕಾಣಿಸಿತು. ಮೇಲೆ ತೆಳ್ಳನೆಯ ನೀರು, ಕೆಳಗೆ ಕಾಳುಕಾಳು ಗಸಿ.

"ಏನಯ್ಯಾ ಇದು? ಪನೀರು ಮಾಡ್ಕೊಂಡು ಬಂದಿದೀಯಾ?" ಎಂದು ಸಾಹೇಬರು ಕೇಳಿದರು. ಬಂದವರು ನಕ್ಕರು. ಸಾಹೇಬರ ಕಿವಿ ಕೆಂಪಾಯಿತು.

"ಹಾಲೇ ಕೆಟ್ಟಾದ್ರಿ ಸಾಹೇಬ್ರ. ಆ ಭೀಮವ್ವ ಹಳೇ ಹಾಲು ತಂದಾಳ," ಎಂದೆ. ಯೋಚಿಸದೆ ಬಾಯಿಗೆ ಬಂದ ಮಾತು ಅದು.

ಭೀಮವ್ವ ವನದುರ್ಗದಿಂದ ದಿನಾ ಎಮ್ಮೆ ಹಾಲು ತರುತ್ತಿದ್ದ ಹೆಂಗಸು. ಗಂಡ ತೀರಿದ ಮೇಲೆ ಮೂರು ಎಮ್ಮೆ ಇಟ್ಟುಕೊಂಡು ಸಂಸಾರ ನಡೆಸಿದವಳು. ಮರುದಿನ ಮುಂಜಾನೆ ಬಂದಾಗ ಗೇಟಿನಲ್ಲೇ ಅವಳಿಗೆ, ನಾಳೆಯಿಂದ ಹಾಲು ಬೇಡ ಎಂದು ಹೇಳಿದರು. ತಲೆಯ ಮೇಲಿನ ಕೊಡ ಇಳಿಸದೆ ನೇರವಾಗಿ ಅಡುಗೆಮನೆಗೆ ಬಂದಳು.

"ಯಾವಾಗ ಒಡದಾದ ನನ್ನ ಹಾಲು? ಅದೇ ಹಾಲಿಂದು ನಿನ್ನಿ ಸಂಜೀಕ ಚಾ ಮಾಡೀರಿಲ್ಲ? ಅದು ಒಡದಿತ್ತೇನು?"

ಒಡೆದಿರಲಿಲ್ಲ. ಚಾಚಾ ನಾನು ವಿಸ್ಕಿ ಬೆರೆಸಿದ್ದ ಜಗ್ಗನ್ನು ಎತ್ತಿ ಮೂಗಿಗೆ ಹಿಡಿದರು.

"ಮೋನಪ್ಪಾ, ನಿನ್ನಿ ಮಧ್ಯಾಹ್ನ ಇದರಾಗ ಏನು ಮಾಡಿದ್ದಿ?"

"ನಿಂಬೂ ಶರಬತ್ತು, ಚಾಚಾ."

"ತೊಳದಿದ್ದೇನು?"

"ನೀರು ಹಾಕಿ ಗಲಬರಿಸಿದ್ದೆ."

"ಗಲಬರಿಸೂದು ಬ್ಯಾರೆ, ತೊಳಿಯೂದು ಬ್ಯಾರೆ, ಬೇಟಾ. ಈ ಹೆಣ್ಮಗಳ ಕಾಲಿಗಿ ಬೀಳು."

ನಾನು ಬೀಳುವಷ್ಟರಲ್ಲಿ ಭೀಮವ್ವ ಜಗ್ಗು ಕಸಿದುಕೊಂಡು ತಾನೂ ಮೂಸಿದಳು. ಮುಖ ಬದಲಾಯಿತು. "ನಿಂಬಿಹಣ್ಣಿಂದು ಹೋಗ್ಲಿ. ಇದು ಸೆರೆ ವಾಸನಿ ಅಲ್ಲೇನು? ನನ್ನ ಎಮ್ಮಿ ಹಾಲಿಗಿ ಸೆರೆ ಹಾಕ್ತೀರಿ ನೀವು?" ಎಂದವಳೇ ಕೊಡ ಹೊತ್ತುಕೊಂಡು ತಿರುಗಿ ಹೋಗಿಬಿಟ್ಟಳು. ಸಾಹೇಬರು ಬೇಡ ಎಂದಿದ್ದಕ್ಕಲ್ಲ, ಈಗ ಅವಳಿಗೇ ಬೇಡವಾಗಿತ್ತು.

ಸಾಹೇಬರ ಮುಂದೆ ಹೋಗಿ ತಪ್ಪು ನನ್ನದು ಎಂದು ಒಪ್ಪಿಕೊಂಡೆ. ಅವರು ಬೈದರು, ಬಿಟ್ಟರು. ಭೀಮವ್ವನನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. ವನದುರ್ಗಕ್ಕೆ ಮೂರು ದಿನ ನಡೆದೆ. ಮೊದಲ ದಿನ ಅವಳು ಬಾಗಿಲು ತೆಗೆಯಲಿಲ್ಲ. ಎರಡನೆಯ ದಿನ ಎಮ್ಮೆಗೆ ಮೇವು ಹಾಕು ಎಂದಳು, ಹಾಕಿದೆ. ಮೂರನೆಯ ದಿನ ಷರತ್ತು ಹೇಳಿದಳು.

"ನೋಡಪ್ಪ, ನಿಮ್ಮ ಸಾಹೇಬ್ರು ಏನರ ಕುಡೀಲಿ, ಅದು ಅವ್ರ ಹೊಟ್ಟಿ. ನನ್ನ ಹಾಲು ಬ್ಯಾರೆ ಪಾತ್ರ್ಯಾಗ ಇಡು. ಚಾಕ್ಕ ಹಾಕು, ಕ್ಯಾಂಪಿನ ಕೂಸುಗಳಿಗಿ ಕೊಡು. ಸೆರೆ ಮುಟ್ಟಸಬ್ಯಾಡ."

ಒಪ್ಪಿಕೊಂಡೆ. ವಿಸ್ಕಿಗೆ ಬೇಕಾದ ಹಾಲು ಅಂದಿನಿಂದ ಶಹಾಪುರದಿಂದ ಬೇರೆ ಬರುತ್ತಿತ್ತು.

ಈಗ ಹೊಸಬರಿಗೆ ಬೇಕಾದ ವಿಧಾನ. ಆ ಜಗ್ಗಿನ ಪ್ರಸಂಗ ಆದ ಮೇಲೆ ಚಾಚಾ ನನ್ನನ್ನು ಮೊದಲಿನಿಂದ ಕೂರಿಸಿ ಕಲಿಸಿದರು. ಹಾಲು ಬಂದ ಕೂಡಲೇ ಕಾಯಿಸಬೇಕು, ಪೂರ್ತಿ ಆರಿಸಬೇಕು, ಆಮೇಲೆ ಮಂಜುಗಡ್ಡೆಯ ನಡುವೆ ಇಡಬೇಕು. ನಮಗೆ ಮಂಜುಗಡ್ಡೆ ಶಹಾಪುರದಿಂದ ಕಟ್ಟಿಗೆ ಹೊಟ್ಟಿನಲ್ಲಿ ಹುದುಗಿಸಿಕೊಂಡು ಜೀಪಿನಲ್ಲಿ ಬರುತ್ತಿತ್ತು. ನಮ್ಮ ಕಡೆಯ ಬಿಸಿಲಿನಲ್ಲಿ ಮುಂಜಾನೆಯ ಹಾಲು ಮಧ್ಯಾಹ್ನಕ್ಕೆ ಒಳಗೊಳಗೇ ಹುಳಿ ಹಿಡಿಯಲು ಶುರುವಾಗಿರುತ್ತದೆ. ನಾಲಿಗೆಗೆ ಅದು ಗೊತ್ತಾಗುವುದಿಲ್ಲ, ವಿಸ್ಕಿಗೆ ಗೊತ್ತಾಗುತ್ತದೆ. ಆದ್ದರಿಂದ ಮೊದಲು ಒಂದು ಚಮಚ ಹಾಲಿಗೆ ಒಂದು ಚಮಚ ವಿಸ್ಕಿ ಹಾಕಿ, ಚಮಚದ ಬೆನ್ನು ನೋಡಿ. ಬೆನ್ನ ಮೇಲೆ ನುಚ್ಚಿನಂಥ ಕಾಳು ಕಂಡರೆ ಆ ಹಾಲನ್ನು ಬಿಡಿ. ನುಣ್ಣಗೆ ಜಾರಿದರೆ ಮುಂದುವರಿಯಿರಿ.

ಸಕ್ಕರೆಯನ್ನು ಹಾಲಿನಲ್ಲೇ ಕರಗಿಸಬೇಕು. ಕೆನೆಯನ್ನು ತೆಳು ಬಟ್ಟೆಯಲ್ಲಿ ಸೋಸಿ ಕಡೆದು ಸೇರಿಸಬೇಕು. ಕೊಬ್ಬು ಹೆಚ್ಚಿದ್ದಷ್ಟೂ ಹಾಲು ತಡೆದುಕೊಳ್ಳುತ್ತದೆ. ಎಲ್ಲದಕ್ಕಿಂತ ಮುಖ್ಯವಾದದ್ದು, ವಿಸ್ಕಿಯನ್ನು ಹಾಲಿಗೆ ಹಾಕಬೇಕು, ಹಾಲನ್ನು ವಿಸ್ಕಿಗೆ ಸುರಿಯಬಾರದು. ಎಳೆಯಾಗಿ ಬಿಡುತ್ತ, ಕೈ ನಿಲ್ಲಿಸದೆ ತಿರುಗಿಸುತ್ತ. "ಆಹಿಸ್ತಾ, ಮೆಲ್ಲಕ. ಹೊಸಾ ಸೊಸಿನ್ನ ಮನಿಯಾಗ ಕರಕೊಂಡಂಗ," ಎನ್ನುತ್ತಿದ್ದರು ಚಾಚಾ. ನಿಂಬೆ, ಕಿತ್ತಳೆ, ಸೋಡಾ ಹತ್ತಿರವೂ ಬರಬಾರದು.

ಕ್ಯಾಂಪು ಮುಚ್ಚಿ ನಾನು ಯಾದಗಿರಿಯ ಹೋಟೆಲಿಗೆ ಬಂದ ಮೇಲೆ ಫ್ರಿಜ್ಜು ಬಂತು, ಪಾಕೀಟು ಹಾಲು ಬಂತು, ಡಬ್ಬಿಯ ಕ್ರೀಮು ಬಂತು. ಕೊನೆಗೆ ವಿಸ್ಕಿ, ಕ್ರೀಮು ಎರಡನ್ನೂ ಕೂಡಿಸಿಯೇ ತುಂಬಿದ ಬಾಟಲಿಗಳೂ ಬಂದವು. ಮುಚ್ಚಳ ತೆಗೆದು ಸುರಿದರಾಯಿತು. ನನಗೆ ಅದರ ಬಗ್ಗೆ ಸಿಟ್ಟಿಲ್ಲ. ಮೊಣಕೈ ನೋವು ಕಡಿಮೆಯಾಯಿತು. ಆದರೆ ನಿಮ್ಮ ಹಾಲು ಯಾಕೆ ಒಡೆಯುತ್ತದೆ ಎಂಬುದು ನೀವು ಬಂದು ಚಹಾ ಕುಡಿಯುತ್ತ ಕೆಲಸದ ಮಾತಾಡಿದ ದಿನವೇ ನನಗೆ ತಿಳಿಯಿತು. ನಿಮ್ಮ ಶೇಕರಿನಲ್ಲಿ ಮೊದಲು ನಿಂಬೆಯ ಡ್ರಿಂಕು ಮಾಡಿ ಬರೀ ಗಲಬರಿಸುತ್ತೀರಿ.

ವಿಧಾನ ಇಷ್ಟೆ. ಒಡೆದ ಹಾಲನ್ನು ಚೆಲ್ಲಬಹುದು. ಒಡೆಯದ ಹಾಲಿನಿಂದ ಆದದ್ದನ್ನು ಹೇಳಬೇಕಿದೆ.

ನಮ್ಮ ಭಾಗದ ಕವಲು ಕಾಲುವೆಗೆ ಮೊದಲ ಸಲ ನೀರು ಬಿಟ್ಟ ದಿನ. ಮುಂಜಾನೆ ಪೂಜೆಯಾಯಿತು, ತೂಬು ತೆಗೆದರು, ಒಣಗಿದ ಕಾಲುವೆಯಲ್ಲಿ ಕೆಂಪು ನೊರೆಯ ನೀರು ಕಸಕಡ್ಡಿ ತಳ್ಳಿಕೊಂಡು ಬಂತು. ದಂಡೆಯ ಮೇಲೆ ಜನ ನೀರಿನ ಜೊತೆ ಓಡಿದರು. ಮಧ್ಯಾಹ್ನ ಗೆಸ್ಟ್‌ಹೌಸಿನ ಅಂಗಳದಲ್ಲಿ ಶಾಮಿಯಾನ. ಅಧಿಕಾರಿಗಳು, ಅವರ ಮನೆಯವರು, ಕಾಲುವೆಯಾಚೆಯ ಹಳ್ಳಿಯಿಂದ ಸ್ವಾಗತಗೀತೆ ಹಾಡಲು ಬಂದ ಹತ್ತು ಹನ್ನೆರಡು ಶಾಲೆಯ ಹುಡುಗಿಯರು.

ಹುಡುಗಿಯರಿಗೂ ಹೆಂಗಸರಿಗೂ ಭೀಮವ್ವನ ಹಾಲಿನ ಬಾದಾಮಿ ಹಾಲು. ಹಿಂದಿನ ಜಗಲಿಯಲ್ಲಿ ಕೂರುವ ಆರೇಳು ಅಧಿಕಾರಿಗಳಿಗೆ ವಿಸ್ಕಿ ಹಾಲು. ಸಾಹೇಬರು ಹಿಂದಿನ ದಿನವೇ ಹೇಳಿದ್ದರು: "ಬಾಟಲಿ ಕಾಣಬಾರದು, ಗಾಜಿನ ಗ್ಲಾಸೂ ಬೇಡ. ದೂರದಿಂದ ನೋಡಿದವರಿಗೆ ಬಾದಾಮಿ ಹಾಲು ಅನ್ನಿಸಬೇಕು."

"ಹತ್ತರಿಂದ ನೋಡಿದ್ರೂ ಗೊತ್ತಾಗಂಗಿಲ್ರಿ," ಎಂದೆ. ಆ ಮಾತನ್ನು ಉಳಿಸಿಕೊಳ್ಳಲು ಮೈಯೆಲ್ಲ ಕೈಯಾಗಿ ಕೆಲಸ ಮಾಡಿದೆ. ಎರಡಕ್ಕೂ ಒಂದೇ ಬಣ್ಣ ಬರುವಷ್ಟು ಕೇಸರಿ. ವಾಸನೆ ಮುಚ್ಚಲು ಏಲಕ್ಕಿ ಜಾಸ್ತಿ. ಒಂದೇ ಥರದ ಸ್ಟೀಲಿನ ಲೋಟ. ಚಾಚಾ ನೋಡಿ, "ಇಷ್ಟ್ಯಾಕ ಮುಚ್ಚತೀ?" ಎಂದರು. ನಾನು ನಕ್ಕೆ. ಅಧಿಕಾರಿಗಳ ತಟ್ಟೆ ಯಾವುದೆಂದು ನನಗೆ ತಿಳಿಯಲು ಅದರ ಮೇಲೊಂದು ಚೆಂಡು ಹೂ ಇಟ್ಟೆ.

ಹಾಡು ಮುಗಿದು ಚಪ್ಪಾಳೆ ಕೇಳಿಸಿತು. "ಮೋನಪ್ಪಾ, ಮಕ್ಕಳಿಗೆ ಹಾಲು!" ಎಂದು ಸಾಹೇಬರು ಕೂಗಿದರು. ಅಡುಗೆಮನೆಯ ಕಟ್ಟೆಗೆ ಬಂದು ನೋಡಿದರೆ ಹೂವಿಲ್ಲ. ಗಾಳಿಗೆ ಎಲ್ಲೋ ಬಿದ್ದಿತ್ತು. ಒಂದು ಸಲಕ್ಕೆ ಹಿಡಿಯುವಷ್ಟು ಏಳೇಳು ಲೋಟ ಇಟ್ಟ ಎರಡೂ ತಟ್ಟೆ ಅಕ್ಕಪಕ್ಕ, ಅವಳಿಜವಳಿಯ ಹಾಗೆ. ಒಂದು ಕ್ಷಣ ನಿಂತೆ. ಬಗ್ಗಿ ಮೂಸಿ ನೋಡಬಹುದಿತ್ತು. ಸಾಹೇಬರು ಮತ್ತೆ ಕೂಗಿದರು. ಎಡಗಡೆ ಇಟ್ಟದ್ದು ಮಕ್ಕಳದ್ದೇ ಎಂದು ನನಗೆ ನಾನೇ ಹೇಳಿಕೊಂಡು ಎತ್ತಿಕೊಂಡು ಹೋದೆ.

ಮುಂದೆ ನಿಂತು ಹಾಡಿದ ಹುಡುಗಿಯ ಹೆಸರು ಸಾಬಮ್ಮ. ಒಂಬತ್ತು ವರ್ಷವಿರಬಹುದು. ಎರಡು ಜಡೆ, ಕೆಂಪು ರಿಬ್ಬನ್ನು. ಮೊದಲ ಲೋಟ ಅವಳಿಗೇ ಕೊಟ್ಟೆ. ಬಿಸಿಲಿನಲ್ಲಿ ಹಾಡಿ ಬಾಯಾರಿತ್ತು. ಗಟಗಟನೆ ಅರ್ಧಕ್ಕೂ ಮಿಕ್ಕಿ ಕುಡಿದು ಲೋಟ ಇಳಿಸಿದಳು. ಹುಬ್ಬು ಗಂಟಿಕ್ಕಿತು.

"ಅಕ್ಕೋರ, ಹಾಲು ಉರೀತದ್ರಿ."

ಅಕ್ಕೋರು ಎಂದರೆ ಅವಳ ಟೀಚರು. ಅವರು ತಿರುಗುವಷ್ಟರಲ್ಲಿ ಉಳಿದ ಹುಡುಗಿಯರ ಕೈ ತಟ್ಟೆಗೆ ಬಂದಿತ್ತು. ನಾನು ತಟ್ಟೆಯನ್ನು ಎತ್ತಿ ನೆಲಕ್ಕೆ ಬಡಿದೆ. "ಕುಡೀಬ್ಯಾಡ್ರಿ! ಯಾರೂ ಮುಟ್ಟಬ್ಯಾಡ್ರಿ!" ಸ್ಟೀಲಿನ ಲೋಟಗಳು ಖಣಖಣ ಎನ್ನುತ್ತ ಶಾಮಿಯಾನದ ತುಂಬ ಉರುಳಿದವು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಅಕ್ಕೋರ, ಅದರಾಗ ವಿಸ್ಕಿ ಅದರಿ," ಎಂದೆ.

ಅವರು ಹುಡುಗಿಯನ್ನು ಎತ್ತಿಕೊಂಡು ದವಾಖಾನೆಗೆ ಓಡಿದರು. ನಾನು ಹಿಂದೆ ಓಡಿದೆ.

ಡಾಕ್ಟರು ಎಷ್ಟು ಕುಡಿದಳು, ಎಷ್ಟು ವಿಸ್ಕಿ ಹಾಕಿದ್ದೆ ಎಂದು ಕೇಳಿದರು. ಒಂದನ್ನೂ ಮುಚ್ಚದೆ ಹೇಳಿದೆ. ವಾಂತಿ ಮಾಡಿಸಬೇಡಿ ಎಂದರು, ಪಕ್ಕಕ್ಕೆ ತಿರುಗಿಸಿ ಮಲಗಿಸಿದರು, ಸಕ್ಕರೆ ನೀರು ಗುಟುಕು ಗುಟುಕಾಗಿ ಕೊಟ್ಟರು, ಉಸಿರು ನೋಡುತ್ತ ಹಾಸಿಗೆ ಬಿಟ್ಟು ಏಳದೆ ಕೂತರು. ಹುಡುಗಿ ಮೊದಲು ತುಂಬ ಮಾತಾಡಿದಳು. ಸ್ವಾಗತಗೀತೆಯನ್ನು ಅರ್ಧ ಹಾಡಿದಳು. ಆಮೇಲೆ ಕಣ್ಣು ಮುಚ್ಚಿದಳು. ಆ ಕಣ್ಣು ಮುಚ್ಚಿದ್ದನ್ನು ನೋಡಿ ಬಾಗಿಲ ಹೊರಗೆ ಬಂದು ಕೂತೆ. ಚಾಚಾ ಬಂದು ಪಕ್ಕದಲ್ಲಿ ಕೂತರು. ಅವರ ತುಟಿ ಮಾತ್ರ ಅಲ್ಲಾಡುತ್ತಿತ್ತು.

ಸಾಹೇಬರು ಬಂದರು. ಮುಖದಲ್ಲಿ ರಕ್ತವಿರಲಿಲ್ಲ. ನನ್ನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದರು: "ನೋಡು, ಮಗು ಏಳುತ್ತೆ ಅಂತ ಡಾಕ್ಟರು ಹೇಳಿದಾರೆ. ಬಿಸಿಲಿಗೆ ತಲೆ ಸುತ್ತು ಬಂತು ಅಂತ ಮನೆಗೆ ಕಳಿಸೋಣ. ನೀನು ಬಾಯಿ ಬಿಡಬೇಡ. ಎಲ್ಲರ ಕೆಲಸ ಹೋಗುತ್ತೆ."

ನಾನು ಹೂಂ ಅನ್ನಲಿಲ್ಲ, ಊಹೂಂ ಎನ್ನುವ ಧೈರ್ಯವೂ ಆಗ ಇರಲಿಲ್ಲ.

ಹೊತ್ತು ಇಳಿಯುವ ಮುಂಚೆ ಒಳಗಿನಿಂದ ಅವಳ ದನಿ ಬಂತು. "ನಂಗ ಹಸಿವಾಗ್ಯಾದ. ಸುಸಲಾ ಕೊಡ್ರಿ."

ಡಾಕ್ಟರು ಗಟ್ಟಿಯಾಗಿ ನಕ್ಕುಬಿಟ್ಟರು. ಅಕ್ಕೋರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಅಡುಗೆಮನೆಗೆ ಓಡಿ ಚುರುಮುರಿ ನೆನೆಸಿ ಒಗ್ಗರಣೆ ಹಾಕಿ ಸುಸಲಾ ಮಾಡಿದೆ. ಅವಸರದಲ್ಲಿ ಉಪ್ಪು ಎರಡು ಸಲ ಬಿತ್ತು. ಅವಳು ತಟ್ಟೆ ಖಾಲಿ ಮಾಡಿ, "ಉಪ್ಪು ಭಾಳ ಆಗ್ಯಾದ್ರಿ," ಎಂದಳು. ಅಷ್ಟು ಒಳ್ಳೆಯ ಮಾತನ್ನು ನನ್ನ ಅಡುಗೆಗೆ ಯಾರೂ ಹೇಳಿರಲಿಲ್ಲ.

ಅವಳನ್ನು ಮನೆಗೆ ಬಿಡಲು ಜೀಪು ನಿಂತಿತು. ಅಕ್ಕೋರು ಹತ್ತಿದರು. ಹಿಂದಿನ ಸೀಟಿಗೆ ನಾನೂ ಕಾಲಿಟ್ಟೆ.

"ನೀನೆಲ್ಲಿಗೆ?" ಎಂದರು ಸಾಹೇಬರು.

"ಆಕಿ ಮನಿಗ್ರಿ."

"ಹೋದರೆ ನಾಳೆ ಕೆಲಸಕ್ಕೆ ಬರಬೇಡ."

"ಆಗ್ಲಿರಿ," ಎಂದು ಕೂತೆ. ದೊಡ್ಡ ಧೈರ್ಯವಂತ ಎಂದಲ್ಲ. ರಾತ್ರಿ ಮಲಗಿದಾಗ ಮಗುವಿಗೆ ಏನಾದರೂ ಆದರೆ, ಏನು ಕುಡಿದಿತ್ತು ಎಂಬುದೇ ಹೆತ್ತವರಿಗೆ ಗೊತ್ತಿರುವುದಿಲ್ಲವಲ್ಲ ಎಂಬ ಯೋಚನೆ ಬಂದ ಮೇಲೆ ಹೊರಗೆ ನಿಲ್ಲಲು ಆಗಲಿಲ್ಲ.

ಅವಳ ಅಪ್ಪ ದೇವಪ್ಪ ಕಾಲುವೆಗೆ ಕಲ್ಲು ಹಾಸುವ ಕೆಲಸದವನು. ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದ. ಅಕ್ಕೋರು ನನ್ನ ಮುಖ ನೋಡಿದರು. ನಿಂತಲ್ಲೇ ಎಲ್ಲ ಹೇಳಿದೆ. ಹೂ ಕಾಣದಿದ್ದಾಗ ಅನುಮಾನ ಬಂದದ್ದು, ಆದರೂ ಎತ್ತಿಕೊಂಡು ಹೋದದ್ದು, ಅದನ್ನೂ ಹೇಳಿದೆ. ತಾಯಿ ಮಗಳ ಬಾಯಿ ಮೂಸಿದಳು. "ನಡಿ, ಆ ಗೂಟದ ತನಕ ಹೋಗಿ ಬಾ, ನೋಡ್ತೀನಿ," ಎಂದಳು. ಸಾಬಮ್ಮ ದನದ ಗೂಟದ ತನಕ ಕುಂಟಾಟ ಆಡುತ್ತ ಒಂಟಿ ಕಾಲಲ್ಲಿ ಹೋಗಿ ಒಂಟಿ ಕಾಲಲ್ಲೇ ಬಂದಳು. ತಾಯಿ ಅವಳನ್ನು ತಬ್ಬಿಕೊಂಡು ಕೂತುಬಿಟ್ಟಳು.

ದೇವಪ್ಪ ಎದ್ದು ಬಂದು ನನ್ನ ಕೆನ್ನೆಗೆ ಒಂದು ಬಾರಿಸಿದ. ಕಲ್ಲು ಹೊರುವ ಕೈ. ಕಿವಿಯಲ್ಲಿ ಗುಂಯ್ ಎಂದಿತು. ಮತ್ತೆ ಹೊಡೆಯುತ್ತಾನೆ ಎಂದು ನಿಂತೇ ಇದ್ದೆ. ಅವನು ಹೊಡೆಯಲಿಲ್ಲ.

"ಬಿಸಲಂತ ಹೇಳಿ ಕಳಸಿದ್ರ ನಮಗ್ಹ್ಯಾಂಗ ತಿಳೀತಿತ್ತು? ಯಾಕ ಬಂದಿ?" ಎಂದ.

"ನಿಮಗ ಗೊತ್ತಿರಬೇಕಲ್ರಿ. ಇವತ್ತ ರಾತ್ರಿ ಆಕಿ ಕಡಿ ಲಕ್ಷ್ಯ ಇಡ್ರಿ."

ಅವನು ಹೆಂಡತಿಗೆ, "ಇವನಿಗಿ ಉಣ್ಣಾಕ ನೀಡು. ಮುಂಜಾನಿಂದ ಉಂಡಂಗ ಕಾಣವಲ್ಲ," ಎಂದ. ಉಂಡಿರಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ. ಒಂದು ಕೆನ್ನೆ ಊದಿದ್ದರಿಂದ ಇನ್ನೊಂದು ಕಡೆಯಲ್ಲೇ ಅಗಿದು ಮೂರು ರೊಟ್ಟಿ ಉಂಡೆ.

ಮರುದಿನ ಮುಂಜಾನೆ ನನ್ನ ಟ್ರಂಕು ಕಟ್ಟಿಕೊಂಡು, ಹೇಳಿ ಹೋಗೋಣವೆಂದು ಸಾಹೇಬರ ಬಳಿ ಹೋದೆ. ಜಗಲಿಯಲ್ಲಿ ಹಿಂದಿನ ದಿನದ ಬಟ್ಟೆಯಲ್ಲೇ ಕೂತಿದ್ದರು. ನಿದ್ದೆ ಮಾಡಿರಲಿಲ್ಲ.

"ಹೇಗಿದಾಳೆ?"

"ಹುಷಾರ್ ಅದಾಳ್ರಿ. ಕುಂಟಾಟ ಆಡಿದ್ಳು."

"ಅವರಪ್ಪ ಏನಂದ?"

ಕೆನ್ನೆ ತೋರಿಸಿದೆ. ಸಾಹೇಬರು ತಲೆ ತಗ್ಗಿಸಿದರು. "ಅದು ನನಗೆ ಬೀಳಬೇಕಾಗಿತ್ತು. ಹಾಲಿನ ಥರ ಕಾಣಬೇಕು ಅಂದವನು ನಾನು," ಎಂದರು. ಟ್ರಂಕಿನ ಕಡೆ ಕೈ ಮಾಡಿ, "ಅದನ್ನ ಒಳಗಿಡು," ಎಂದರು.

ಕೆಲಸ ಉಳಿಯಿತು. ಅಂದಿನಿಂದ ನಿವೃತ್ತಿಯ ದಿನದವರೆಗೆ ನಾನು ವಿಸ್ಕಿ ಹಾಲನ್ನು ಗಾಜಿನ ಗ್ಲಾಸು ಬಿಟ್ಟು ಬೇರೆಯದರಲ್ಲಿ ಕೊಟ್ಟಿಲ್ಲ. ಕುಡಿಯುವವರ ಕೈಗೆ ಕೊಡುವಾಗ "ಇದರಾಗ ವಿಸ್ಕಿ ಅದರಿ" ಎಂದು ಬಾಯಿಬಿಟ್ಟು ಹೇಳದೆ ಕೊಟ್ಟಿಲ್ಲ. ಕೆಲವರು ನಕ್ಕಿದ್ದಾರೆ, ಗೊತ್ತಿದ್ದೇ ಕೇಳಿದೀವಿ ಮಾರಾಯ ಎಂದಿದ್ದಾರೆ. ನಕ್ಕರೆ ನಗಲಿ. ಹೊಸಬರೇ, ನೀವೂ ಹೇಳಿ. ಹಾಲು ಎಂಥದನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡು ಸುಮ್ಮನಿರುತ್ತದೆ.

ಅಂದು ಟ್ರಂಕು ಒಳಗಿಟ್ಟು ಬಂದಾಗ ಸಾಹೇಬರು ಜೀಪಿನ ಬಳಿ ನಿಂತಿದ್ದರು. "ನಡಿ, ದಾರಿ ತೋರಿಸು," ಎಂದರು. ಹೊಸ ನೀರು ತುಂಬಿದ ಕಾಲುವೆಯನ್ನು ದಾಟಿ ಹಳ್ಳಿಗೆ ಹೋದೆವು. ಶಾಲೆಯ ಹತ್ತಿರ ಬಂದಾಗ ಸಾಹೇಬರು ಡ್ರೈವರಿಗೆ ಜೀಪು ನಿಲ್ಲಿಸು ಎಂದರು. ಒಳಗೆ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದರು. ಎಲ್ಲ ದನಿಗಳ ಮೇಲೆ ಒಂದು ದನಿ, ನಿನ್ನೆ ಹಾಡಿದ್ದ ಅದೇ ಗಂಟಲು, ಕಿಟಕಿ ಒಡೆಯುವ ಹಾಗೆ ಕೂಗುತ್ತಿತ್ತು: "ಏಳೊಂದ್ಲೆ ಏಳು! ಏಳೆರಡ್ಲೆ ಹದಿನಾಲ್ಕು!"

ಸಾಹೇಬರು ಟೋಪಿ ತೆಗೆದು ಮುಖ ಒರೆಸಿಕೊಂಡರು. ಏಳು ಹತ್ತಲೆ ಎಪ್ಪತ್ತು ಆಗುವವರೆಗೂ ಅಲ್ಲೇ ನಿಂತು ಕೇಳಿದರು. ಆಮೇಲೆ ನಾವಿಬ್ಬರೂ ದೇವಪ್ಪನ ಮನೆಯ ಕಡೆ ನಡೆದೆವು.